ಸ್ಟ್ರೋಕ್ ಸಾವಿನ ದೇಶವಾರು ಪಟ್ಟಿ ಕೈಗೆ ಸಿಕ್ಕಿದರೆ ಹೇಗೆ ಓದುವುದು

ಕಳೆದ ಮಳೆಗಾಲದಲ್ಲಿ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಭಾವ ಒಂದು ಸಂದೇಶ ಹಾಕಿದರು. ಜಪಾನಿನಲ್ಲಿ ಲಕ್ಷ ಜನರಲ್ಲಿ ವರ್ಷಕ್ಕೆ 80ಕ್ಕೂ ಜಾಸ್ತಿ ಮಂದಿ ಸ್ಟ್ರೋಕಿನಿಂದ ಸಾಯುತ್ತಾರಂತೆ. ನಮ್ಮ ದೇಶದಲ್ಲಿ ಬರೀ 50. ಕಾರಣ, ಕುಚ್ಚಲಕ್ಕಿ ಗಂಜಿ ಮತ್ತು ಉಪ್ಪಿನಕಾಯಿ! ಗಂಜಿ ಸರಿ, ಉಪ್ಪಿನಕಾಯಿಗೆ ಈ ಗೌರವ ಎಲ್ಲಿಂದ ಬಂತೋ. ಬಿಪಿ ಮಾತ್ರೆ ತಿನ್ನುವವರೇ ಹತ್ತು ಜನ ಅದಕ್ಕೆ ಹೆಬ್ಬೆರಳು ಎತ್ತಿದ್ದರು.

ನಾನು ಮಂಗಳೂರಿನ ಒಂದು ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್ ವಿಭಾಗದಲ್ಲಿ 27 ವರ್ಷ ಕೂತವಳು. ಡಾಕ್ಟರು ಬರೆದ ಕಾಯಿಲೆಗೆ ಕೋಡ್, ಅಂದರೆ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿರುವ ಗುರುತಿನ ಸಂಖ್ಯೆ, ಹಾಕುವುದು ನನ್ನ ಕೆಲಸವಾಗಿತ್ತು. ಈಗ ನಿವೃತ್ತಿಯಾಗಿ ಉಡುಪಿ ಜಿಲ್ಲೆಯ ಕಾಪುವಿನಲ್ಲಿದ್ದೇನೆ. ಆ ಸಂದೇಶ ನೋಡಿ ಸುಮ್ನೆ ಇರಲು ಆಗಲಿಲ್ಲ. ಯಾಕೆಂದರೆ ಅದರಲ್ಲಿ ಇದ್ದ ಎರಡು ಅಂಕಿಗಳೂ ಸುಳ್ಳಲ್ಲ. ಜಪಾನಿನಲ್ಲಿ ವರ್ಷಕ್ಕೆ 1 ಲಕ್ಷಕ್ಕೂ ಸ್ವಲ್ಪ ಹೆಚ್ಚು ಜನ ಸ್ಟ್ರೋಕಿನಿಂದ ಸಾಯುತ್ತಾರೆ, ಜನಸಂಖ್ಯೆ ಸುಮಾರು 12.4 ಕೋಟಿ. ಭಾಗಿಸಿ ನೋಡಿ, 80ರ ಮೇಲೆಯೇ ಬರುತ್ತದೆ. ಭಾರತಕ್ಕೆ 2019ರಲ್ಲಿ ಅಂದಾಜಾದದ್ದು ಸುಮಾರು 7 ಲಕ್ಷ ಸಾವು. 139 ಕೋಟಿಯಿಂದ ಭಾಗಿಸಿದರೆ 50ರ ಆಸುಪಾಸು. ಲೆಕ್ಕ ಸರಿಯಾಗಿದೆ, ಹೋಲಿಕೆ ತಪ್ಪಾಗಿದೆ. ಭಾವನಿಗೆ ಫೋನಿನಲ್ಲಿ ಇದನ್ನು ವಿವರಿಸಲು ಮುಕ್ಕಾಲು ಗಂಟೆ ಹಿಡಿಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ.

ಪಟ್ಟಿ ಬಿಡಿ, ಮೊದಲು ಫಾರಂ ನೋಡಿ

ಎಲ್ಲರೂ ಪಟ್ಟಿಯಿಂದ ಶುರು ಮಾಡುತ್ತಾರೆ. ನೀವು ಒಂದು ಸಾವಿನಿಂದ ಶುರು ಮಾಡಿ. ಆ ಸಾವು ಅಂಕಿಯಾದದ್ದು ಹೇಗೆ?

ನಮ್ಮಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡರೆ ಡಾಕ್ಟರು ಫಾರಂ 4 ತುಂಬುತ್ತಾರೆ. ಮನೆಯಲ್ಲಿ ತೀರಿಕೊಂಡು, ಕೊನೆಯ ಕಾಯಿಲೆಗೆ ಯಾರಾದರೂ ಡಾಕ್ಟರು ನೋಡಿದ್ದರೆ 4ಎ. ಅದರಲ್ಲಿ ಎ, ಬಿ, ಸಿ ಅಂತ ಗೆರೆಗಳಿವೆ. ಎ ಗೆರೆಯಲ್ಲಿ ನೇರ ಕಾರಣ. ಅದಕ್ಕೆ ಕಾರಣವಾದದ್ದು ಬಿ. ಅದಕ್ಕೂ ಹಿಂದಿನದ್ದು ಸಿ. ತುಂಬಿದ ಗೆರೆಗಳಲ್ಲಿ ಎಲ್ಲಕ್ಕಿಂತ ಕೆಳಗಿನದ್ದೇ ಮೂಲ ಕಾರಣ. ಸಾವಿಗೆ ಕೊಂಡೊಯ್ದ ಸರಪಳಿಯನ್ನು ಶುರು ಮಾಡಿದ ಕಾಯಿಲೆ ಅಂತ ಅರ್ಥ. ದೇಶದೇಶಗಳ ಪಟ್ಟಿಗೆ ಹೋಗುವುದು ಆ ಒಂದು ಗೆರೆ ಮಾತ್ರ. ಫಾರಂ ವಿನ್ಯಾಸ ಬೇರೆ ಇರಬಹುದು, ಈ ನಿಯಮ ಜಗತ್ತಿಗೆಲ್ಲ ಒಂದೇ.

ನನ್ನ ಅಪ್ಪನ ಕಥೆ ಕೇಳಿ. 1998ರಲ್ಲಿ ಬೆಳಿಗ್ಗೆ ಹಲ್ಲುಜ್ಜುತ್ತಾ ಇದ್ದವರಿಗೆ ಬಲಗೈ ಬಲಗಾಲು ಬಿದ್ದುಹೋಯಿತು. ಹದಿನಾಲ್ಕು ತಿಂಗಳು ಹಾಸಿಗೆ ಹಿಡಿದರು. ನುಂಗಿದ್ದು ದಾರಿ ತಪ್ಪಿ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಯಿತು. ಒಂದು ಆಸ್ಪತ್ರೆಯಲ್ಲಿ ರಾತ್ರಿ ಎರಡು ಗಂಟೆಗೆ ತೀರಿಕೊಂಡರು. ಫಾರಂ ತುಂಬಿದ ಹುಡುಗ ಡಾಕ್ಟರು ಎ ಗೆರೆಯಲ್ಲಿ ‘ಹೃದಯ ಮತ್ತು ಉಸಿರಾಟ ನಿಂತದ್ದು’ ಅಂತ ಬರೆದು ಸಹಿ ಹಾಕಿದರು. ಬಿ, ಸಿ ಖಾಲಿ. ಸತ್ತ ಎಲ್ಲರಿಗೂ ಹೃದಯ ನಿಲ್ಲುತ್ತದೆ, ಅಲ್ವಾ? ಆದರೆ ಕೋಡ್ ಹಾಕುವವರು ಬರೆದದ್ದಕ್ಕೇ ಕೋಡ್ ಹಾಕಬೇಕು. ಹಾಗಾಗಿ ಸ್ಟ್ರೋಕಿನಿಂದ ಹೋದ ನನ್ನ ಅಪ್ಪ ಸರ್ಕಾರಿ ಲೆಕ್ಕದಲ್ಲಿ ಹೃದಯದ ಖಾನೆಯಲ್ಲಿದ್ದಾರೆ. ಹಾಗೆ ಬರೆದ ನೂರಾರು ಫಾರಂಗಳಿಗೆ ನಾನೂ ಕೋಡ್ ಹಾಕಿದ್ದೇನೆ. ಆ ಡಾಕ್ಟರ ಮೇಲೆ ಸಿಟ್ಟಿಲ್ಲ. ಮೂವತ್ತಾರು ಗಂಟೆ ಡ್ಯೂಟಿ ಮಾಡಿದವರ ಕಣ್ಣು ನೋಡಿದ್ದೇನೆ.

ಇಂಥ ಖಾನೆಗಳಿಗೆ ಲೆಕ್ಕದವರು ಇಟ್ಟ ಹೆಸರು ‘ಗಾರ್ಬೇಜ್ ಕೋಡ್’. ನಮ್ಮ ಆಫೀಸಿನಲ್ಲಿ ‘ಕಸದ ಬುಟ್ಟಿ’ ಅನ್ನುತ್ತಿದ್ದೆವು. ಹೃದಯ ನಿಂತದ್ದು, ಹೃದಯ ವೈಫಲ್ಯ, ಮುಪ್ಪು, ‘ಕಾರಣ ಗೊತ್ತಿಲ್ಲ’, ಇವೆಲ್ಲ ಅದರೊಳಗೆ. ದೇಶದಿಂದ ದೇಶಕ್ಕೆ ಈ ಬುಟ್ಟಿಯ ಗಾತ್ರ ಬೇರೆ. ಬುಟ್ಟಿ ದೊಡ್ಡದಿದ್ದ ಕಡೆ ಸ್ಟ್ರೋಕ್ ದರ ಕಡಿಮೆ ಕಾಣುತ್ತದೆ.

ಆದ್ದರಿಂದ ನೋಟ್‌ಬುಕ್ಕಿನಲ್ಲಿ ಪ್ರತಿ ದೇಶದ ಹೆಸರಿನ ಪಕ್ಕ ಎರಡು ಅಂಕಿ ಬರೆಯಿರಿ. ನೂರು ಸಾವಿನಲ್ಲಿ ಎಷ್ಟಕ್ಕೆ ಕಾರಣ ದಾಖಲಾಗಿದೆ? ದಾಖಲಾದದ್ದರಲ್ಲಿ ಎಷ್ಟು ಕಸದ ಬುಟ್ಟಿಗೆ ಹೋಗಿದೆ? ದಾಖಲೆ 90, ಕಸ 20 ಅಂದುಕೊಳ್ಳಿ. 90ರಲ್ಲಿ ಶೇ 80 ಉಪಯೋಗಕ್ಕೆ ಬರುತ್ತದೆ, ಅಂದರೆ 72. ನೂರರಲ್ಲಿ 72 ಸಾವಿನ ಕಾರಣ ಮಾತ್ರ ನಂಬಬಹುದು. ದಾಖಲೆ ಶೇ 90ಕ್ಕಿಂತ ಹೆಚ್ಚು, ಅಸ್ಪಷ್ಟ ಕಾರಣ ಶೇ 10ಕ್ಕಿಂತ ಕಡಿಮೆ, ಈ ಎರಡೂ ಇದ್ದರೆ ಒಳ್ಳೆಯ ದಾಖಲೆ ಅಂತ ವಿಶ್ವ ಆರೋಗ್ಯ ಸಂಸ್ಥೆಯವರು 2005ರಲ್ಲಿ ಜರಡಿ ಹಿಡಿದರು. ಉಳಿದದ್ದು 23 ದೇಶ.

ನಮ್ಮ ದೇಶ? ಸಾವಿನ ನೋಂದಣಿಗೆ 1969ರಿಂದ ಕಾನೂನಿದೆ. ಆದರೆ 2020ರ ವರದಿ ಪ್ರಕಾರ ನೋಂದಣಿಯಾದ ಸಾವುಗಳಲ್ಲಿ ಡಾಕ್ಟರು ಕಾರಣ ಬರೆದುಕೊಟ್ಟದ್ದು ಶೇ 22.5 ಮಾತ್ರ. ಉಳಿದವರ ಬಗ್ಗೆ ನಮ್ಮೂರಿನಲ್ಲಿ ಕೇಳಿದರೆ ಬೊಜ್ಜದ (ಉತ್ತರಕ್ರಿಯೆಯ) ಊಟಕ್ಕೆ ಬಂದವರು ಏನು ಹೇಳುತ್ತಾರೋ ಅದೇ ಕಾರಣ. ‘ಪ್ರಾಯ ಆಗಿತ್ತು.’

ಎಣಿಸಿದ್ದೋ, ಅಂದಾಜೋ?

ಹಾಗಾದರೆ ಭಾರತದ 7 ಲಕ್ಷ ಎಲ್ಲಿಂದ ಬಂತು? ಇದು ಎಣಿಸಿದ ಅಂಕಿ ಅಲ್ಲ, ಅಂದಾಜು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಒಂದು ಸಂಸ್ಥೆ ‘ಗ್ಲೋಬಲ್ ಬರ್ಡನ್ ಆಫ್ ಡಿಸೀಸ್’ ಅಂತ ಲೆಕ್ಕ ಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೂ ತನ್ನದೇ ಅಂದಾಜು ಕೊಡುತ್ತದೆ. ಇವರು ಇರುವ ದಾಖಲೆ ತೆಗೆದುಕೊಂಡು, ಕಸದ ಬುಟ್ಟಿಯಲ್ಲಿದ್ದದ್ದನ್ನು ಬೇರೆ ಬೇರೆ ಕಾಯಿಲೆಗಳಿಗೆ ಹಂಚಿ, ದಾಖಲೆ ಇಲ್ಲದ ಕಡೆ ಗಣಿತದ ಮಾಡೆಲ್ ಹಾಕಿ ತುಂಬುತ್ತಾರೆ.

ಅಂದಾಜು ಕೆಟ್ಟದ್ದು ಅಂತ ಹೇಳುತ್ತಿಲ್ಲ. ಅದರ ಹಿಂದೆ ನಿಜವಾದ ಮಾಹಿತಿಯೂ ಇದೆ. ನಮ್ಮಲ್ಲಿ ಸ್ಯಾಂಪಲ್ ರಿಜಿಸ್ಟ್ರೇಶನ್ ಸಿಸ್ಟಂ ಅಂತ ಇದೆ. ಆಯ್ದ ಊರುಗಳಲ್ಲಿ ಸಾವಾದ ಮನೆಗೆ ಹೋಗಿ ಕೇಳುತ್ತಾರೆ. ಏನಾಯಿತು, ಎಷ್ಟು ದಿನ ಮಲಗಿದ್ದರು, ಒಂದು ಬದಿಯ ಕೈಕಾಲು ಸೋತಿತ್ತಾ, ಮಾತು ನಿಂತಿತ್ತಾ. ಆಮೇಲೆ ಡಾಕ್ಟರುಗಳು ಅದನ್ನು ಓದಿ ಕಾರಣ ತೀರ್ಮಾನಿಸುತ್ತಾರೆ. ಇದನ್ನು ವರ್ಬಲ್ ಆಟಾಪ್ಸಿ ಅನ್ನುತ್ತಾರೆ. ಒಂದು ಬದಿ ಇದ್ದಕ್ಕಿದ್ದಂತೆ ಬಿದ್ದುಹೋದದ್ದನ್ನು ಮನೆಯವರು ಮರೆಯುವುದಿಲ್ಲ, ಹಾಗಾಗಿ ಸ್ಟ್ರೋಕ್ ಸಿಕ್ಕಿಬೀಳುವ ಸಾಧ್ಯತೆ ಚೆನ್ನಾಗಿಯೇ ಇದೆ. ಆದರೆ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತೋ ರಕ್ತನಾಳ ಒಡೆದಿತ್ತೋ ಎಂದು ಈ ದಾರಿಯಲ್ಲಿ ಹೇಳಲು ಆಗುವುದಿಲ್ಲ. ಅದಕ್ಕೆ ಸ್ಕ್ಯಾನ್ ಬೇಕು. ಸಿಟಿ ಸ್ಕ್ಯಾನ್ ಬಂದದ್ದೇ 1970ರ ದಶಕದಲ್ಲಿ. ಅದಕ್ಕಿಂತ ಹಿಂದಿನ ವರ್ಷಗಳಿಗೆ ಯಾರಾದರೂ ಎರಡನ್ನೂ ಬೇರೆ ಮಾಡಿ ಪಟ್ಟಿ ಕೊಟ್ಟರೆ ನಾನು ಮುಂದಿನ ಪುಟಕ್ಕೆ ಹೋಗುತ್ತೇನೆ.

ಅಂದಾಜಿನಲ್ಲಿ ಒಂದು ಬಲೆ ಇದೆ, ಓದಿದವರೂ ಅದರಲ್ಲಿ ಬೀಳುತ್ತಾರೆ. ದಾಖಲೆ ಇಲ್ಲದ ದೇಶಕ್ಕೆ ಮಾಡೆಲ್ ಅಂಕಿ ಕೊಡುವುದು ಹೇಗೆ? ಅಕ್ಕಪಕ್ಕದ ದೇಶ ನೋಡಿ, ಅಲ್ಲಿನ ಜನರ ರಕ್ತದೊತ್ತಡ, ಆದಾಯ ಎಲ್ಲ ಸೇರಿಸಿ. ಆಮೇಲೆ ಇನ್ನೊಬ್ಬರು ಬಂದು ಅದೇ ಅಂಕಿಗಳನ್ನು ರಕ್ತದೊತ್ತಡದ ಎದುರು ಗ್ರಾಫ್ ಮಾಡಿ, ‘ನೋಡಿ, ಎಷ್ಟು ಚಂದ ಹೊಂದಿಕೆಯಾಗುತ್ತದೆ’ ಅನ್ನುತ್ತಾರೆ. ಸಾರಿಗೆ ತಾವೇ ಹುಳಿ ಹಿಂಡಿ, ಅಬ್ಬಾ ಹುಳಿ ಇದೆ ಅಂದ ಹಾಗೆ.

ಅಂದಾಜಿನ ಪಕ್ಕದಲ್ಲಿ ಯಾವಾಗಲೂ ಎರಡು ಅಂಕಿಗಳ ನಡುವಿನ ಅಂತರ ಕೊಟ್ಟಿರುತ್ತಾರೆ. ಸಂದೇಶ ಮುಂದೂಡುವವರು ಅದನ್ನು ಮೊದಲು ಅಳಿಸುತ್ತಾರೆ. 2019ಕ್ಕೆ ಇಡೀ ಜಗತ್ತಿನ ಸ್ಟ್ರೋಕ್ ಸಾವು 65.5 ಲಕ್ಷ ಅಂತ ಗ್ಲೋಬಲ್ ಬರ್ಡನ್‌ನವರ ಅಂದಾಜು ಹೇಳಿತು. ಜೊತೆಗೆ, 60 ಲಕ್ಷದಿಂದ 70.2 ಲಕ್ಷದೊಳಗೆ ಎಲ್ಲಾದರೂ ಇರಬಹುದು ಅಂತಲೂ ಹೇಳಿತು. ಹತ್ತು ಲಕ್ಷದ ಅನುಮಾನ! ಹಾಗಿರುವಾಗ ಒಂದು ದೇಶ 41ನೇ ಸ್ಥಾನ, ಇನ್ನೊಂದು 44 ಅಂತ ಜಗಳಕ್ಕೆ ಕೂರುವುದರಲ್ಲಿ ಅರ್ಥ ಇಲ್ಲ. ಅಂತರಗಳು ಒಂದರ ಮೇಲೊಂದು ಬಿದ್ದರೆ, ಸ್ಥಾನದ ಕಾಲಂ ಮೇಲೆ ಪೆನ್ಸಿಲ್ ಗೆರೆ ಎಳೆದುಬಿಡಿ.

ಪ್ರಾಯದ ಲೆಕ್ಕ

ಭಾವನ ಸಂದೇಶ ಬಿದ್ದದ್ದು ಇಲ್ಲೇ. ಜಪಾನಿನಲ್ಲಿ 65 ದಾಟಿದವರು ಶೇ 29ರಷ್ಟು. ನಮ್ಮಲ್ಲಿ ಶೇ 7ರ ಹತ್ತಿರ. ಸ್ಟ್ರೋಕ್ ವಯಸ್ಸಾದವರನ್ನು ಹುಡುಕಿಕೊಂಡು ಬರುವ ಕಾಯಿಲೆ. ಮುದುಕರು ಜಾಸ್ತಿ ಇದ್ದ ಕಡೆ ಒಟ್ಟು ದರ ಜಾಸ್ತಿ ಇರಲೇಬೇಕು.

ನಮ್ಮೂರಿನ ಲೆಕ್ಕದಲ್ಲಿ ನೋಡೋಣ. ಎರಡು ಊರು ಕಲ್ಪಿಸಿಕೊಳ್ಳಿ, ಎರಡರಲ್ಲೂ ಲಕ್ಷ ಜನ. ಮೊದಲನೆಯದು ನಮ್ಮ ಉಡುಪಿ ಕಡೆಯ ಹಳ್ಳಿಗಳ ಹಾಗೆ. ಮಕ್ಕಳು ಮುಂಬೈ, ದುಬೈ, ಬೆಂಗಳೂರು ಸೇರಿದ್ದಾರೆ, ಮನೆಯಲ್ಲಿ ಅಜ್ಜಿ ಮತ್ತು ನಾಯಿ. 60 ದಾಟಿದವರು 25,000, ಉಳಿದವರು 75,000. ಎರಡನೆಯದು ಕೆಲಸಕ್ಕೆ ಬಂದ ಹುಡುಗರ ಊರು. 60 ದಾಟಿದವರು 10,000, ಉಳಿದವರು 90,000.

ಅಜ್ಜಿಯರ ಊರಿನಲ್ಲಿ 60ರೊಳಗಿನವರಿಗೆ ಲಕ್ಷಕ್ಕೆ 8ರಂತೆ, ದಾಟಿದವರಿಗೆ ಲಕ್ಷಕ್ಕೆ 400ರಂತೆ ಸ್ಟ್ರೋಕ್ ಸಾವು. ಲೆಕ್ಕ ಹಾಕಿ: 6 ಮತ್ತು 100, ಒಟ್ಟು 106. ಹುಡುಗರ ಊರಿನಲ್ಲಿ ಲಕ್ಷಕ್ಕೆ 20 ಮತ್ತು 600. ಅಂದರೆ 18 ಮತ್ತು 60, ಒಟ್ಟು 78. ಪಟ್ಟಿ ಮಾತ್ರ ನೋಡಿದವರು ಹುಡುಗರ ಊರೇ ಆರೋಗ್ಯವಂತ ಅನ್ನುತ್ತಾರೆ. ಆದರೆ ಪ್ರಾಯ ಯಾವುದೇ ಇರಲಿ, ಆ ಊರಲ್ಲೇ ಸಾಯುವ ಸಾಧ್ಯತೆ ಜಾಸ್ತಿ!

ಸರಿಪಡಿಸುವುದು ಹೇಗೆ? ಎರಡೂ ಊರಿಗೆ ಒಂದೇ ಪ್ರಾಯದ ಹಂಚಿಕೆ ಕೊಡಿ. 60ರೊಳಗೆ ಶೇ 85, ಮೇಲೆ ಶೇ 15 ಅಂತ ಇಡೋಣ. ಮೊದಲ ಊರು: 8ರ ಶೇ 85 ಅಂದರೆ 6.8, 400ರ ಶೇ 15 ಅಂದರೆ 60, ಒಟ್ಟು ಸುಮಾರು 67. ಎರಡನೇ ಊರು: 17 ಮತ್ತು 90, ಒಟ್ಟು 107. ಚಿತ್ರ ತಲೆಕೆಳಗಾಯಿತು. ಇದಕ್ಕೆ ಏಜ್ ಸ್ಟಾಂಡರ್ಡೈಸ್ಡ್ ರೇಟ್ ಅನ್ನುತ್ತಾರೆ, ಪ್ರಾಯ ಸರಿಹೊಂದಿಸಿದ ದರ. ಭಾರತ ಮತ್ತು ಜಪಾನಿಗೆ ಹೀಗೆ ಮಾಡಿದರೆ ಜಪಾನ್ ನಮ್ಮಿಂದ ಎಷ್ಟೋ ಕೆಳಗೆ ಇಳಿಯುತ್ತದೆ. ಗಂಜಿಯ ಕಥೆ ಅಲ್ಲಿಗೆ ಮುಗಿಯಿತು.

ಇಲ್ಲೂ ಒಂದು ಎಚ್ಚರಿಕೆ ಬೇಕು. ಆ ‘ಒಂದೇ ಹಂಚಿಕೆ’ ಯಾರು ಕೊಟ್ಟದ್ದು ಅಂತ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಹಂಚಿಕೆಯಲ್ಲಿ 65 ದಾಟಿದವರು ಶೇ 8ರಷ್ಟು. ಯುರೋಪಿನ 1976ರ ಹಂಚಿಕೆಯಲ್ಲಿ ಶೇ 11. ಅದನ್ನೇ 2013ರಲ್ಲಿ ಬದಲಿಸಿದಾಗ ಶೇ 19.5. ಒಬ್ಬರೂ ಹೆಚ್ಚು ಸಾಯದೆ, ಹಂಚಿಕೆ ಬದಲಾದ ಮಾತ್ರಕ್ಕೆ ಸ್ಟ್ರೋಕ್ ದರ ಮೇಲೆ ಹಾರುತ್ತದೆ. ಒಂದು ದೇಶದ ಅಂಕಿ ಒಂದು ಪಟ್ಟಿಯಿಂದ, ಇನ್ನೊಂದರದ್ದು ಬೇರೆ ಪಟ್ಟಿಯಿಂದ ತೆಗೆದರೆ ಮೀನಿನ ತೂಕವನ್ನು ಒಮ್ಮೆ ಬುಟ್ಟಿ ಸಮೇತ, ಒಮ್ಮೆ ಬುಟ್ಟಿ ಬಿಟ್ಟು ಹಾಕಿದಂತೆ. ಮಲ್ಪೆಯಲ್ಲಿ ಯಾರೂ ಒಪ್ಪುವುದಿಲ್ಲ.

ಕೊಲ್ಲಿ ದೇಶಗಳ ದರ ನೋಡುವಾಗ ಇನ್ನೂ ಜಾಗ್ರತೆ ಬೇಕು. ಅಲ್ಲಿರುವವರಲ್ಲಿ ಹೆಚ್ಚಿನವರು ದುಡಿಯಲು ಹೋದ ಗಟ್ಟಿ ಪ್ರಾಯದವರು. ವೀಸಾಕ್ಕೆ ಮೊದಲೇ ಮೆಡಿಕಲ್ ಆಗಿರುತ್ತದೆ. ಜೋರಾಗಿ ಕಾಯಿಲೆ ಬಿದ್ದರೆ ಊರಿಗೆ ಬರುತ್ತಾರೆ. ದುಡಿಮೆ ಅಲ್ಲಿಯ ಲೆಕ್ಕಕ್ಕೆ, ಸಾವು ಇಲ್ಲಿಯ ಲೆಕ್ಕಕ್ಕೆ. ಪ್ರಾಯ ಸರಿಹೊಂದಿಸಿದರೂ ಇದು ಪೂರ್ತಿ ಸರಿಯಾಗುವುದಿಲ್ಲ.

ಭಾಗಿಸುವ ಅಂಕಿಯನ್ನೂ ಅನುಮಾನಿಸಿ

ಮಂಗಳೂರಿನ ಆಸ್ಪತ್ರೆ ವಾರ್ಡುಗಳಲ್ಲಿ ಕಾಸರಗೋಡಿನವರು, ಕಾರವಾರ ಕಡೆಯವರು, ಚಿಕ್ಕಮಗಳೂರಿನವರು ಎಲ್ಲರೂ ಇರುತ್ತಾರೆ. ಮಣಿಪಾಲದಲ್ಲೂ ಹಾಗೆ. ನಮ್ಮಲ್ಲಿ ಸಾವು ನೋಂದಣಿಯಾಗುವುದು ಸಾವಾದ ಜಾಗದಲ್ಲಿ. ಆ ನೋಂದಣಿಯನ್ನು ಮಂಗಳೂರಿನ ಜನಸಂಖ್ಯೆಯಿಂದ ಭಾಗಿಸಿದರೆ ಇದು ಸ್ಟ್ರೋಕಿನ ರಾಜಧಾನಿ ಅಂತ ಕಾಣುತ್ತದೆ. ಅಂಕಿ ವಾಸದ ಊರಿನ ಪ್ರಕಾರವೋ, ಸಾವಾದ ಊರಿನ ಪ್ರಕಾರವೋ ಅಂತ ಟಿಪ್ಪಣಿಯಲ್ಲಿ ಹುಡುಕಿ. ಇನ್ನು ಜನಸಂಖ್ಯೆ. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಗೆ 11,77,361 ಜನ. 2021ರದ್ದು ಮುಂದಕ್ಕೆ ಹೋಯಿತು. ಆಮೇಲಿನದ್ದೆಲ್ಲ ಮುಂದಕ್ಕೆ ಎಳೆದ ಅಂದಾಜು. ಮೇಲಿನ ಅಂಕಿಯೂ ಅಂದಾಜು, ಕೆಳಗಿನದ್ದೂ ಅಂದಾಜು.

ಸಣ್ಣ ದೇಶ, ದೊಡ್ಡ ದೇಶ

ಸಾವಿನ ಸಂಖ್ಯೆ ಆಕಸ್ಮಿಕವಾಗಿಯೇ ಎಷ್ಟು ಏರಿಳಿಯಬಹುದು ಅಂತ ನೋಡಲು ಒಂದು ಸುಲಭ ಲೆಕ್ಕ ಇದೆ. ಸಾವಿನ ಸಂಖ್ಯೆಯ ವರ್ಗಮೂಲ ತೆಗೆಯಿರಿ, ಎರಡರಿಂದ ಗುಣಿಸಿ. ಅಷ್ಟು ಆಚೀಚೆ ಆಗುವುದು ಬರೀ ಆಕಸ್ಮಿಕ. ಒಂದು ಪುಟ್ಟ ದ್ವೀಪದಲ್ಲಿ ವರ್ಷಕ್ಕೆ 64 ಸ್ಟ್ರೋಕ್ ಸಾವು ಅಂದುಕೊಳ್ಳಿ. ವರ್ಗಮೂಲ 8, ಎರಡರಷ್ಟು 16. 48ರಿಂದ 80ರವರೆಗೆ ಏನು ಬಂದರೂ ಗಾಬರಿ ಬೇಡ. ಮುಂದಿನ ವರ್ಷ 78 ಆದರೆ ಪತ್ರಿಕೆಯಲ್ಲಿ ‘ಶೇ 22 ಏರಿಕೆ’ ಅಂತ ಬರುತ್ತದೆ. ಏನೂ ಆಗಿರುವುದಿಲ್ಲ. ಸಣ್ಣ ದೇಶಕ್ಕೆ ಐದು ವರ್ಷದ ಸರಾಸರಿ ನೋಡಿ.

ದೊಡ್ಡ ದೇಶದಲ್ಲಿ ಉಲ್ಟಾ. 1 ಲಕ್ಷ ಸಾವಿದ್ದರೆ ವರ್ಗಮೂಲ ಸುಮಾರು 316, ಎರಡರಷ್ಟು 632. ಶೇ 1 ಕೂಡ ಇಲ್ಲ. ಅಂಕಿ ಬಂಡೆಯ ಹಾಗೆ ಗಟ್ಟಿ ಕಾಣುತ್ತದೆ. ಆದರೆ ಈ ಲೆಕ್ಕಕ್ಕೆ ಗೊತ್ತಿರುವುದು ಆಕಸ್ಮಿಕ ಒಂದೇ. ರಾತ್ರಿ ಎರಡು ಗಂಟೆಗೆ ಖಾಲಿ ಬಿಟ್ಟ ಬಿ ಗೆರೆ ಅದಕ್ಕೆ ಗೊತ್ತಿಲ್ಲ. ಹತ್ತು ಲಕ್ಷ ಫಾರಂಗಳಲ್ಲಿ ಒಂದೇ ರೀತಿಯ ತಪ್ಪಿದ್ದರೆ ವರ್ಗಮೂಲ ತೆಗೆದು ಅದನ್ನು ಓಡಿಸಲು ಬರುವುದಿಲ್ಲ.

ಗ್ರಾಫಿನ ಗೆರೆ ಇದ್ದಕ್ಕಿದ್ದಂತೆ ಬಾಗಿದರೆ

ಇದಕ್ಕೆ ಜಪಾನೇ ಒಳ್ಳೆಯ ಉದಾಹರಣೆ. 1951ರಿಂದ 1980ರವರೆಗೆ ಅಲ್ಲಿ ಸಾವಿನ ಮೊದಲ ಕಾರಣವೇ ಸ್ಟ್ರೋಕ್. ಆಮೇಲೆ ಇಳಿಯಿತು. ಉಪ್ಪು ಕಡಿಮೆ ಮಾಡಿದರು, ಊರೂರಿನಲ್ಲಿ ಬಿಪಿ ಅಳೆದರು, ಮಾತ್ರೆ ಕೊಟ್ಟರು. ಇದು ನಿಜವಾದ ಇಳಿಕೆ. ಭಾವನ ಉಪ್ಪಿನಕಾಯಿಗೆ ಉತ್ತರವೂ ಇಲ್ಲೇ ಇದೆ.

ಆದರೆ 1995ರ ಹತ್ತಿರ ನೋಡಿ. ಹೃದಯದ ಸಾವು ದಬಕ್ಕನೆ ಇಳಿದು ಸ್ಟ್ರೋಕ್ ಮೇಲೆ ಏರುತ್ತದೆ. ಜಪಾನೀಯರ ರಕ್ತನಾಳಕ್ಕೆ ಆ ವರ್ಷ ಏನೂ ಆಗಲಿಲ್ಲ. ಆಗ ಸಾವಿನ ಹೊಸ ಪ್ರಮಾಣಪತ್ರ ಬಂತು. ಕೊನೆಯ ಘಟ್ಟದ ಸ್ಥಿತಿ ಎಂದು ಹೃದಯ ವೈಫಲ್ಯ ಬರೆಯಬೇಡಿ ಅಂತ ಅದರಲ್ಲೇ ಸೂಚನೆ ಇತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆ ಕೋಡುಗಳ ಪಟ್ಟಿಯ (ಐಸಿಡಿ) ಹತ್ತನೇ ಆವೃತ್ತಿಯೂ ಅಲ್ಲಿ ಆಗಲೇ ಜಾರಿಯಾಯಿತು. ಹೃದಯದ ಖಾನೆಯಲ್ಲಿ ಕೂತಿದ್ದವರು ಎದ್ದು ತಮ್ಮ ತಮ್ಮ ಜಾಗಕ್ಕೆ ಹೋದರು. 2018ರಲ್ಲಿ ಇನ್ನೊಂದು ತಿರುವು. ‘ಮುಪ್ಪು’ ಸ್ಟ್ರೋಕನ್ನು ಹಿಂದಿಕ್ಕಿ ಮೂರನೇ ಕಾರಣವಾಯಿತು. ತೊಂಬತ್ತು ದಾಟಿದವರಿಗೆ ಅಲ್ಲಿನ ಡಾಕ್ಟರುಗಳು ಹಾಗೆ ಬರೆಯುವುದು ಜಾಸ್ತಿಯಾಗಿದೆ. ಅಷ್ಟು ಒಳ್ಳೆಯ ದಾಖಲೆಯ ದೇಶದಲ್ಲೂ ‘ಪ್ರಾಯ ಆಗಿತ್ತು’!

ಹಾಗಾಗಿ ಗ್ರಾಫಿನಲ್ಲಿ ಒಂದೇ ವರ್ಷಕ್ಕೆ ಮೆಟ್ಟಿಲು ಕಂಡರೆ ಮೊದಲು ಕೋಡ್ ಬದಲಾಯಿತಾ ಅಂತ ಕೇಳಿ. ಹತ್ತನೇ ಆವೃತ್ತಿಯಲ್ಲಿ ಸ್ಟ್ರೋಕ್ ಗುಂಪು ಐ60ರಿಂದ ಐ69, ರಕ್ತ ಪರಿಚಲನೆಯ ಅಧ್ಯಾಯದಲ್ಲಿ. 2022ರಿಂದ ಜಾರಿಗೆ ಬಂದ ಹನ್ನೊಂದನೆಯದರಲ್ಲಿ ಸ್ಟ್ರೋಕ್ ನರಮಂಡಲದ ಅಧ್ಯಾಯಕ್ಕೆ ಹೋಗಿದೆ. ದೇಶಗಳು ಒಂದೊಂದಾಗಿ ಅದಕ್ಕೆ ಬದಲಾಗುವಾಗ ‘ಹೃದಯ ಮತ್ತು ರಕ್ತನಾಳದ ಸಾವು ಕಡಿಮೆಯಾಯಿತು’ ಅಂತ ಸುದ್ದಿ ಬಂದರೆ ಈ ಮಾತು ನೆನಪಿರಲಿ. ಐ69 ಅಂದರೆ ಹಳೆಯ ಸ್ಟ್ರೋಕಿನ ಉಳಿಕೆ. ಅಪ್ಪನಿಗೆ ಸಿಗಬೇಕಾಗಿದ್ದದ್ದು ಅದೇ. ಕೆಲವು ಪಟ್ಟಿಗಳು ಅದನ್ನು ಸೇರಿಸುತ್ತವೆ, ಕೆಲವು ಬಿಡುತ್ತವೆ. ಪಟ್ಟಿಯ ಅಡಿಟಿಪ್ಪಣಿಯಲ್ಲಿ ಇರುತ್ತದೆ, ಕನ್ನಡಕ ಹಾಕಿಕೊಂಡು ಓದಿ.

ಸಾವಿನ ದರ ಕಡಿಮೆ ಅಂದರೆ ಸ್ಟ್ರೋಕ್ ಬರುವುದೇ ಕಡಿಮೆ ಅಂತ ಅಲ್ಲ. ಬಂದವರು ಬದುಕುತ್ತಿರಬಹುದು. ಅದು ಬೇರೆ ಅಂಕಿ, ಬೇರೆ ಪಟ್ಟಿ.

ಭಾವನಿಗೆ ಇಷ್ಟೂ ಹೇಳಿದೆ. ‘ಹಾಗಾದರೆ ಯಾವ ದೇಶ ಒಳ್ಳೆಯದು ಮಾರಾಯ್ತಿ?’ ಅಂತ ಕೇಳಿದರು. ದಾಖಲೆ ಗಟ್ಟಿ ಇರುವ ದೇಶಗಳನ್ನು ಮಾತ್ರ, ಒಂದೇ ಪಟ್ಟಿಯಿಂದ, ಪ್ರಾಯ ಸರಿಹೊಂದಿಸಿ, ಐದು ವರ್ಷದ ಸರಾಸರಿಯಲ್ಲಿ ಹೋಲಿಸಿ ಅಂದೆ. ಅಲ್ಲೂ ಎರಡು ಪಟ್ಟು ವ್ಯತ್ಯಾಸ ಇದ್ದರೆ ನಾನು ಗಂಭೀರವಾಗಿ ನೋಡುತ್ತೇನೆ. ಶೇ 10 ವ್ಯತ್ಯಾಸಕ್ಕೆ ಟೀ ಕುಡಿದು ಸುಮ್ಮನಾಗುತ್ತೇನೆ.

2024ರಲ್ಲಿ ನಮ್ಮ ಅತ್ತೆ ಮನೆಯಲ್ಲೇ ತೀರಿಕೊಂಡರು. ಮೂರು ವರ್ಷದ ಹಿಂದೆ ಅವರಿಗೂ ಎಡಭಾಗ ಬಿದ್ದಿತ್ತು. ಕೊನೆಗೆ ನ್ಯುಮೋನಿಯಾ, ಥೇಟ್ ಅಪ್ಪನ ಹಾಗೆ. ನೋಡಿಕೊಳ್ಳುತ್ತಿದ್ದ ಡಾಕ್ಟರು ಅಂಗಳದ ಕುರ್ಚಿಯಲ್ಲಿ ಕೂತು 4ಎ ತುಂಬತೊಡಗಿದರು. ಎ ಗೆರೆಯಲ್ಲಿ ನ್ಯುಮೋನಿಯಾ ಬರೆದು ಪೆನ್ನಿನ ಮುಚ್ಚಳ ಹಾಕಿದರು. ನಾನು 2021ರ ಸ್ಕ್ಯಾನ್ ವರದಿ ತಂದು ಅವರ ಮುಂದೆ ಇಟ್ಟೆ. ‘ಸರ್, ಕೆಳಗಿನ ಗೆರೆ’ ಅಂದೆ. ಅವರು ಒಮ್ಮೆ ನನ್ನ ಮುಖ ನೋಡಿದರು. ಮುಚ್ಚಳ ತೆಗೆದು ಬಿ ಗೆರೆಯಲ್ಲಿ ಸ್ಟ್ರೋಕ್ ಅಂತ ಬರೆದರು, ಪಕ್ಕದ ಕಾಲಂನಲ್ಲಿ 3 ವರ್ಷ. ಆ ವರ್ಷ ಉಡುಪಿ ಜಿಲ್ಲೆಯಲ್ಲಿ ಸ್ಟ್ರೋಕ್ ಸಾವು ಒಂದು ಜಾಸ್ತಿಯಾಯಿತು.